ಒದ್ದೆ ಮಣ್ಣಿನಲ್ಲೇ ಬಾಡುವ ಬೋನ್ಸಾಯ್: ಮೊದಲು ಬೇರು ನೋಡಿ

ಪ್ರಶ್ನೆ: ನರ್ಸರಿಯಿಂದ ತಂದ ಫೈಕಸ್ ಬೋನ್ಸಾಯ್ ಮೂರು ತಿಂಗಳು ಚೆನ್ನಾಗಿತ್ತು. ಈಗ ಎಲೆ ಹಳದಿಯಾಗಿ ಉದುರುತ್ತಿದೆ. ನೀರು ಸಾಲದೇನೋ ಎಂದು ದಿನಕ್ಕೆರಡು ಸಲ ಹಾಕುತ್ತಿದ್ದೇನೆ, ಆದರೂ ಚಿಗುರು ಬಾಡುತ್ತಿದೆ. ಬೇರಿನ ಟಾನಿಕ್ ಹಾಕಲೇ? (ಬೆಂಗಳೂರು)

ಉತ್ತರ: ಟಾನಿಕ್ ಬೇಡ. ಇವತ್ತಿನಿಂದಲೇ ಆ ಎರಡು ಹೊತ್ತಿನ ನೀರು ನಿಲ್ಲಿಸಿ. ಎಲೆ ಉದುರಿದ ಕೂಡಲೇ ನೀರು ಹೆಚ್ಚಿಸಿದೆ ಎಂಬ ಪತ್ರ ಮತ್ತೆ ಮತ್ತೆ ಬರುತ್ತಿದೆ. ಉಳಿಯಬಹುದಾದ ಮರಗಳು ಹೀಗೇ ಹೋಗುತ್ತವೆ. ಹಾಗಾಗಿ ಈ ಸಲ ಇದಕ್ಕೇ ಹೆಚ್ಚು ಜಾಗ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ನೀರು ತುಂಬಿಕೊಂಡೇ ಇದ್ದರೆ ಆಮ್ಲಜನಕ ಸಿಗದೆ ಬೇರು ತುದಿಯಿಂದ ಸಾಯುತ್ತಾ ಬರುತ್ತದೆ. ಅದಕ್ಕೆ ಪಿಥಿಯಂನಂಥ ಕೊಳೆರೋಗವೂ ಹತ್ತಿಕೊಳ್ಳುತ್ತದೆ. ಹೀರುವ ಬೇರೇ ಇಲ್ಲದಾಗ ಮಣ್ಣು ಒದ್ದೆಯಿದ್ದರೂ ಎಲೆಗೆ ನೀರು ಮುಟ್ಟುವುದಿಲ್ಲ. ಹೊರಗಿನಿಂದ ನೋಡಿದರೆ ಬಾಯಾರಿದ ಮರದ ಹಾಗೇ ಕಾಣುತ್ತದೆ.

ಬೋನ್ಸಾಯ್ ನೆಡುವ ತಟ್ಟೆಯಂಥ ಕುಂಡದಲ್ಲಿ ಈ ಅಪಾಯ ಹೆಚ್ಚು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ, ಮತ್ತೆ ನೀರು ಸುರಿಯುತ್ತದೆ. ಮಣ್ಣೂ ಹೀಗೆಯೇ. ನುಣ್ಣನೆಯ ಮಣ್ಣಿನಲ್ಲಿ ತಳದ ಒಂದಷ್ಟು ಎತ್ತರ ಬಸಿಯದೆ ನೆನೆದೇ ಇರುತ್ತದೆ, ಕುಂಡ ಎಷ್ಟೇ ಆಳವಿರಲಿ ಆ ಎತ್ತರ ಬದಲಾಗುವುದಿಲ್ಲ. ಒಂದಡಿ ಆಳದ ಕುಂಡಕ್ಕೆ ಅದರಿಂದ ತೊಂದರೆಯಿಲ್ಲ. 2 ಇಂಚು ಆಳದ ತಟ್ಟೆಯಲ್ಲಿ ಮಾತ್ರ ಬೇರಿರುವ ಜಾಗವೆಲ್ಲ ಅದೇ ಆಗಿಬಿಡುತ್ತದೆ. ತಳಕ್ಕೆ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆ ಎನ್ನುವುದು ಸುಳ್ಳು. ಆ ನೆನೆದ ಪದರ ಜಲ್ಲಿಯ ಮೇಲಕ್ಕೆ ಏರಿ ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಅಷ್ಟೇ.

ಈಗ ಪರೀಕ್ಷೆ. ಬಿದಿರು ಕಡ್ಡಿಯನ್ನು ಬುಡಕ್ಕೂ ಕುಂಡದ ಅಂಚಿಗೂ ನಡುವೆ ತಳ ಮುಟ್ಟುವಂತೆ ಚುಚ್ಚಿ, 10 ನಿಮಿಷ ಬಿಟ್ಟು ತೆಗೆಯಿರಿ. ಮೇಲೆಲ್ಲ ಒದ್ದೆಯಿದ್ದು ಕಡ್ಡಿ ಒಣಗಿಯೇ ಬಂದರೆ ಒಳಗಿನ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಒಣಗಿ ನೀರನ್ನು ಒಳಬಿಡುತ್ತಿಲ್ಲ ಎಂದರ್ಥ. ಆಗ ಇಡೀ ಕುಂಡವನ್ನು ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿ ಮುಳುಗಿಸಿ. ಕಡ್ಡಿ ಕಪ್ಪಾಗಿ ಮೋರಿ ವಾಸನೆ ಬಂದರೆ ತಡಮಾಡಬೇಡಿ, ಮರವನ್ನು ಅವತ್ತೇ ಕುಂಡದಿಂದ ಎತ್ತಿ. ಬೇರು ಕೊಳೆತಾಗ ಕುಂಡ ಬದಲಿಸುವ ಹದವಾದ ಕಾಲಕ್ಕೆ ಕಾಯುವ ಹಾಗಿಲ್ಲ.

ಬುಡದ ಮಣ್ಣನ್ನು ಕಡ್ಡಿಯಿಂದ ಬಿಡಿಸಿ, ಪೈಪಿನ ನೀರಿನಲ್ಲಿ ಪೂರ್ತಿ ತೊಳೆಯಿರಿ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿದ ಹರಿತವಾದ ಕತ್ತರಿಯಿಂದ ಸ್ವಲ್ಪಸ್ವಲ್ಪವೇ ಕತ್ತರಿಸುತ್ತಾ ಬನ್ನಿ. ಫೈಕಸ್ ಆಲದ ಜಾತಿಯದು, ಜೀವವಿರುವ ಬೇರಿಗೆ ಕತ್ತರಿ ತಾಗಿದರೆ ಬಿಳಿ ಹಾಲು ಒಸರುತ್ತದೆ. ಹಾಲು ಕಂಡಲ್ಲಿಗೆ ನಿಲ್ಲಿಸಿ. ಒಳಗೆ ಕಂದು ಬಣ್ಣವಿದ್ದು ಹಾಲು ಬಾರದಿದ್ದರೆ ಇನ್ನೂ ಮೇಲಕ್ಕೆ ಹೋಗಿ. ಬೇರು ಕಮ್ಮಿಯಾಯಿತೆಂದು ಕೊಳೆತದ್ದನ್ನು ಉಳಿಸಿಕೊಳ್ಳುವವರೇ ಮುಂದಿನ ತಿಂಗಳು ಮತ್ತೆ ಪತ್ರ ಬರೆಯುತ್ತಾರೆ.

ಹಳೆಯ ಮಣ್ಣು ಎಸೆಯಿರಿ. ಚೆನ್ನಾಗಿ ಬೆಂದ ಇಟ್ಟಿಗೆಯ ಚೂರು ಎರಡು ಪಾಲು, ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಸಿಂಡರ್ (ಸುಟ್ಟ ಕಲ್ಲಿದ್ದಲಿನ ಕಿಟ್ಟ) ಎರಡು ಪಾಲು, ಎಲ್ಲವೂ 2ರಿಂದ 5 ಮಿಲಿಮೀಟರ್ ಗಾತ್ರದ್ದು. ಜರಡಿಯಿಂದ ಕೆಳಗೆ ಬಿದ್ದ ಪುಡಿ ಒಂದು ಚಮಚವೂ ಒಳಗೆ ಹೋಗಕೂಡದು, ಸಂದು ಮುಚ್ಚುವುದೇ ಆ ಪುಡಿ. ಅರೆಬೆಂದ ಇಟ್ಟಿಗೆ ನೀರಿನಲ್ಲಿ ಕರಗಿ ಕೆಸರಾಗುತ್ತದೆ, ಆದ್ದರಿಂದ ರಾತ್ರಿಯಿಡೀ ನೆನೆಸಿ ಬೆರಳಲ್ಲಿ ತಿಕ್ಕಿ ನೋಡಿಯೇ ಬಳಸಿ. ಗೊಬ್ಬರ, ಬೇವಿನ ಹಿಂಡಿ ಯಾವುದೂ ಈಗ ಬೇಡ. ತೂತಿಗೆ ಜಾಲರಿ ಇಟ್ಟು, ಮರವನ್ನು ತಂತಿಯಿಂದ ಕುಂಡಕ್ಕೆ ಬಿಗಿಯಿರಿ. ಗಾಳಿಗೆ ಬುಡ ಅಲ್ಲಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ತಳದಿಂದ ತಿಳಿನೀರು ಬರುವವರೆಗೆ ಹಾಕಿ, ನೆರಳಿನ ಬೆಳಕಿನಲ್ಲಿಟ್ಟು, ನಾಲ್ಕೈದು ತೂತು ಮಾಡಿದ ಪಾಲಿಥೀನ್ ಚೀಲವನ್ನು ಸಡಿಲವಾಗಿ ಹೊದಿಸಿ. ಎಲೆ ಕಮ್ಮಿಯಿದ್ದಾಗ ಮರ ನೀರು ಕುಡಿಯುವುದೂ ಕಮ್ಮಿ, ಕಡ್ಡಿ ನೋಡದೆ ಮತ್ತೆ ಹಾಕಬೇಡಿ. ಬದುಕುವ ಮರ ಸಾಮಾನ್ಯವಾಗಿ ಮೂರರಿಂದ ಆರು ವಾರದಲ್ಲಿ ಚಿಗುರುತ್ತದೆ. ಆ ಚಿಗುರು ಬಲಿಯುವವರೆಗೆ ಗೊಬ್ಬರ ಮುಟ್ಟಬೇಡಿ, ಎಳೆದು ನೋಡುವುದೂ ಬೇಡ.

ಮುಂದೆ ದಿನಕ್ಕೆ ಇಷ್ಟು ಲೋಟ ಎಂಬ ಲೆಕ್ಕ ಬಿಟ್ಟುಬಿಡಿ. ಮೇಲಿನ ಅರ್ಧ ಇಂಚು ಒಣಗಿದಾಗ ಜರಡಿಮೂತಿಯ ನೀರಿನ ಕ್ಯಾನಿನಿಂದ, ಕುಂಡದ ತೂತಿನಲ್ಲಿ ಹರಿಯುವಷ್ಟು ಹಾಕಿ, 10 ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಇಟ್ಟಿಗೆ ಚೂರಿನ ಮಿಶ್ರಣಕ್ಕೆ ಏಪ್ರಿಲ್ ಬಿಸಿಲಲ್ಲಿ ದಿನಾ ನೀರು ಬೇಕಾಗಬಹುದು, ಡಿಸೆಂಬರಿನಲ್ಲಿ ಮೂರು ದಿನಕ್ಕೊಮ್ಮೆ ಸಾಕಾಗಬಹುದು. ಅರಿಶಿನ, ದಾಲ್ಚಿನ್ನಿ ಪುಡಿ, ಆಸ್ಪಿರಿನ್ ಮಾತ್ರೆ, ಹೆಸರಿಲ್ಲದ ಬಾಟಲಿಯ ಟಾನಿಕ್ ಇವುಗಳಿಂದ ಕೊಳೆತ ಬೇರಿಗೆ ಜೀವ ಬರುವುದಿಲ್ಲ. ಯೂಟ್ಯೂಬ್ ನೋಡಿ ಅದನ್ನು ಸುರಿದು ಒಂದು ವಾರ ಕಾಯುತ್ತೀರಲ್ಲ, ಆ ವಾರದಲ್ಲೇ ಕೊಳೆತ ಕಾಂಡಕ್ಕೆ ಏರುತ್ತದೆ.

ಪ್ರಶ್ನೆ: ಐಸ್ ಕ್ಯೂಬ್ ಇಟ್ಟರೆ ನಿಧಾನವಾಗಿ ನೀರು ಇಳಿಯುತ್ತದಂತೆ, ಇಡಬಹುದೇ?
ಉತ್ತರ: ಬೇಡ. ಬಿಸಿನಾಡಿನ ಮರದ ಬೇರಿಗೆ ಐಸ್ ಇಡುವ ಸಲಹೆ ಕೊಟ್ಟವರ ಮಾತು ಇನ್ನು ಕೇಳಬೇಡಿ.

ಪ್ರಶ್ನೆ: ಸಂಜೆಯಾದರೆ ಹುಣಸೆ ಬೋನ್ಸಾಯ್‌ನ ಎಲೆ ಮುದುಡಿಕೊಳ್ಳುತ್ತದೆ. ನೀರು ಸಾಲದೇ?
ಉತ್ತರ: ಹುಣಸೆ ಎಲೆ ರಾತ್ರಿ ಮಡಚಿಕೊಳ್ಳುವುದು ಅದರ ಗುಣ. ಬೆಳಗ್ಗೆಯೂ ಬಿಚ್ಚದಿದ್ದರೆ ಬರೆಯಿರಿ.

ಪ್ರಶ್ನೆ: ಮಂಗಳೂರಿನ ಮಳೆಯಲ್ಲಿ ಮರಗಳನ್ನು ಒಳಗೆ ತರಬೇಕೇ?
ಉತ್ತರ: ಕತ್ತಲ ಕೋಣೆಗೆ ತಂದರೆ ಎಲೆ ಉದುರುತ್ತದೆ. ಹೊರಗೇ ಇರಲಿ. ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ವಾಲಿಸಿ, ತೂತು ತಗ್ಗಿನ ಕಡೆಗೆ ಬರಲಿ. ನೆನೆದ ಪದರ ಒಂದು ಮೂಲೆಗೆ ಸರಿದು ಉಳಿದ ಬೇರಿಗೆ ಗಾಳಿಯಾಡುತ್ತದೆ. ಸೂರಿನ ನೀರು ಮಾತ್ರ ಮೇಲೆ ಬೀಳದಿರಲಿ.

ಪ್ರಶ್ನೆ: ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದೆ.
ಉತ್ತರ: ಉಪ್ಪಿನ ಪೊರೆ. ಕೆರೆದು ತೆಗೆಯಿರಿ. ತಿಂಗಳಿಗೊಮ್ಮೆ ಕುಂಡದ ನಾಲ್ಕೈದು ಪಟ್ಟು ಮಳೆನೀರನ್ನು ನಿಧಾನವಾಗಿ ಹಾಯಿಸಿ.

ಪ್ರಶ್ನೆ: ಅಡೇನಿಯಂ (ದಪ್ಪ ಬುಡದ ಹೂಗಿಡ) ಬುಡ ಮೆತ್ತಗಾಗಿದೆ.
ಉತ್ತರ: ಮಣ್ಣು ಒಣಗಿದ್ದು ಬುಡ ಸುಕ್ಕುಗಟ್ಟಿದ್ದರೆ ಬಾಯಾರಿಕೆ, ನೀರು ಕೊಡಿ. ಮಣ್ಣು ಒದ್ದೆಯಿದ್ದು ಬೆರಳೊತ್ತಿದರೆ ಒಳಗಿಳಿದರೆ ಕೊಳೆತ. ಕೊಳೆತದ್ದನ್ನು ಕತ್ತರಿಸಿ, ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆಯೂ ಉಳಿಯದ ಹಾಗೆ ನೋಡಿಕೊಳ್ಳಿ. ಗಾಯ ಪೂರ್ತಿ ಒಣಗಿ ಗಟ್ಟಿಯಾಗುವವರೆಗೆ ನೆರಳಲ್ಲಿ ಒಣಗಿಸಿ, ಆಮೇಲೆ ನೆಡಿ. ಅದರ ಹಾಲು ವಿಷ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.