‘ಹುತ್ತರಿ ಹಾಡಿನ ಹುಟ್ಟು’ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಹಾಕಲಾಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ಕೊಡಗಿನ ಹೊಸ ತೆನೆಯ ಹಬ್ಬವಾದ ಹುತ್ತರಿಯ ಹೆಸರಿನ ಈ ಹಾಡು, ಕೊಡಗಿನಲ್ಲಿ ಓದಿ ಬೆಳೆದ ಎಷ್ಟೋ ಜನರಿಗೆ ಬಾಯಿಪಾಠವಾಗಿರುವಂಥದ್ದು. ಅದಕ್ಕೆ ತಕ್ಕ ಬರಹ ನಿಮ್ಮಿಂದ ಬರಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ಮೊದಲ ವಾಕ್ಯದಲ್ಲಿ ಇದನ್ನು ‘ತಲೆತಲಾಂತರದಿಂದ ಹರಿದುಬಂದ ಜನಪದ ಗೀತೆ’ ಎಂದಿದ್ದೀರಿ. ನಾಲ್ಕನೇ ಪ್ಯಾರಾದಲ್ಲಿ ಪಂಜೆ ಮಂಗೇಶರಾಯರ ರಚನೆ ಎಂದಿದ್ದೀರಿ. ನಿಜವಾದದ್ದು ಎರಡನೆಯದು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ, ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದ ಪಂಜೆಯವರ ಕವಿತೆ ಇದು. ಭಾಷೆ ಕನ್ನಡ, ಕೊಡವ ತಕ್ಕ್ ಅಲ್ಲ. ಹೆಸರೇ ಸಾಕ್ಷಿ: ಕೊಡವರ ಬಾಯಲ್ಲಿ ಅದು ಪುತ್ತರಿ, ಅಂದರೆ ಹೊಸ ಅಕ್ಕಿ, ಪಾಲು ಹಾಲಾದಂತೆ ಕನ್ನಡದಲ್ಲಿ ಪುತ್ತರಿ ಹುತ್ತರಿಯಾಗಿದೆ.

‘ಜಾನಪದ ಧಾಟಿ’ ಎಂದು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಧಾಟಿ ಯಾವುದು ಎಂದು ಎಣಿಸಿ ನೋಡಬೇಕಿತ್ತು. ‘ಎಲ್ಲಿ / ಭೂರಮೆ / ದೇವ / ಸನ್ನಿಧಿ’: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಇದು ಭಾಮಿನಿ ಷಟ್ಪದಿಯ ನಡೆ. ಗಮಕಿಗಳ ಬಾಯಲ್ಲಿ ಶತಮಾನಗಳಿಂದ ಪಳಗಿದ್ದು. ಹಾಡು ಒಮ್ಮೆ ಕೇಳಿದರೆ ಕಿವಿಯಲ್ಲಿ ಉಳಿಯುವುದಕ್ಕೆ ಇದೂ ಒಂದು ಕಾರಣ. ಇದನ್ನು ಬಿಟ್ಟು ‘ದುಡಿಯ ತಾಳಕ್ಕೆ ಹೊಸೆದದ್ದು’ ಎಂದು ಬರೆದರೆ ಓದುಗ ಆಧಾರ ಕೇಳುತ್ತಾನೆ. ನೀವು ಕೊಟ್ಟಿಲ್ಲ.

ಲೇಖನದ ಜೀವ ನಿಮ್ಮ ಕಣ್ಣಿಗೆ ಬಿದ್ದಿದೆ, ಆದರೆ ಕೈಗೆ ಸಿಕ್ಕಿಲ್ಲ. ಹಾಡಿನ ಮೊದಲ ಪದ್ಯ ಸಾಲು ಸಾಲಿಗೂ ‘ಎಲ್ಲಿ’ ಎಂದು ಕೇಳುತ್ತಾ ಹೋಗುತ್ತದೆ. ಉತ್ತರ ತಡವಾಗಿ ಬರುತ್ತದೆ, ‘ಅಲ್ಲೆ ಆ ಕಡೆ’ ಎಂದು. ‘ಇಲ್ಲೆ’ ಅಲ್ಲ, ‘ಅಲ್ಲೆ’. ಕೊಡಗನ್ನು ಹೊರಗೆ ನಿಂತು ಕೈ ತೋರಿಸುವವನ ಮಾತು ಅದು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಮೇಷ್ಟರೊಬ್ಬರು ಬರೆದದ್ದನ್ನು ಆ ನಾಡಿನವರೇ ತಮ್ಮದೆಂದು ಹಾಡತೊಡಗಿದ್ದು ಹೇಗೆ? ನೀವು ಬರೆಯಬೇಕಾದ ಕತೆ ಅದು. ಲೇಖನ ಆ ‘ಅಲ್ಲೆ’ಯಿಂದಲೇ ಶುರುವಾಗಲಿ.

ಇನ್ನೊಂದು. ‘ಕಾವೇರಿ ಥಳಥಳಿಸುತ್ತಾಳೆ ಎನ್ನುತ್ತಾನೆ ಕವಿ’ ಎಂದು ಸಾರಾಂಶ ಕೊಟ್ಟಿದ್ದೀರಿ. ಕವಿ ಬರೆದದ್ದು ‘ಹೊಳೆ ಹೊಳೆ ಹೊಳೆವಳೋ’. ನದಿ ಎಂಬ ಅರ್ಥದ ‘ಹೊಳೆ’ ಪದವೇ ಅಲ್ಲಿ ಬೆಳಕಿನ ಕ್ರಿಯೆಯಾಗುತ್ತದೆ. ಮೂರು ಸಲ ಬಂದರೂ ಮೂರು-ನಾಲ್ಕರ ನಡೆ ಎಲ್ಲೂ ಮುಗ್ಗರಿಸುವುದಿಲ್ಲ. ಇಂಥ ಕಡೆ ಸಾರಾಂಶ ಬರೆಯಬೇಡಿ, ಮೂಲದ ಪದವನ್ನೇ ಇಡಿ.

ಕವಿ ಮಡಿಕೇರಿಯ ರಾಜಾಸೀಟಿನಲ್ಲಿ ಕೂತು, ಕೆಳಗೆ ಹರಿಯುವ ಕಾವೇರಿಯನ್ನು ನೋಡಿ, ಕಣ್ಣೀರಿಟ್ಟು ಬರೆದರು ಎಂಬ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ರಾಜಾಸೀಟು ನೋಡುವುದು ಪಡುವಣದ ಕಣಿವೆಯನ್ನು. ಕಾವೇರಿ ತಲಕಾವೇರಿ, ಭಾಗಮಂಡಲದಿಂದ ಇಳಿದು ನಾಪೋಕ್ಲು ಕಡೆಯಿಂದ ಕುಶಾಲನಗರಕ್ಕೆ ಹೋಗುತ್ತಾಳೆ. ಮಡಿಕೇರಿ ಊರಿನ ಬದಿಗೆ ಬರುವುದಿಲ್ಲ. ಕೊಡಗಿನ ಓದುಗ ಈ ಒಂದು ತಪ್ಪು ಕಂಡರೆ ಮಿಕ್ಕದ್ದನ್ನೂ ನಂಬುವುದಿಲ್ಲ.

‘ಏಕೀಕರಣದ ಸಂಭ್ರಮದಲ್ಲಿ ಮೂಡಿದ ಹಾಡು’ ಎಂಬುದೂ ತಪ್ಪು. ಪಂಜೆಯವರು ತೀರಿಕೊಂಡದ್ದು 1937ರಲ್ಲಿ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅವರ ಕಾಲದಲ್ಲಿ ಕೊಡಗು ಬ್ರಿಟಿಷ್ ಮುಖ್ಯ ಆಯುಕ್ತರ ಕೈಕೆಳಗಿನ ಬೇರೆಯೇ ಪ್ರಾಂತ. ಆಗ ಕನ್ನಡದಲ್ಲಿ ‘ಅಲ್ಲೆ ಕೊಡಗರ ನಾಡಲಾ’ ಎಂದು ಬರೆಯುವುದರ ತೂಕವನ್ನು ಯೋಚಿಸಿ; ನೀವು ಕಟ್ಟಿದ ಸಂಭ್ರಮಕ್ಕಿಂತ ಅದು ದೊಡ್ಡದು.

ಹುತ್ತರಿ ರಾತ್ರಿಯ ವರ್ಣನೆಯಲ್ಲಿ ಕಾಫಿ ಹೂವಿನ ಪರಿಮಳ ತಂದಿದ್ದೀರಿ. ಕಾಫಿ ಹೂ ಅರಳುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ. ಹುತ್ತರಿ ನವೆಂಬರ್ ಕೊನೆ, ಡಿಸೆಂಬರಿನ ಹಬ್ಬ. ಆಗ ಗಿಡದಲ್ಲಿರುವುದು ಹಣ್ಣು. ಹಬ್ಬವೂ ಕಾಫಿಯದಲ್ಲ, ಗದ್ದೆಯದು. ‘ರೈತರು ಬೆಳೆ ಕಟಾವು ಮಾಡಿ ಸಂಭ್ರಮಿಸುತ್ತಾರೆ’ ಎಂಬ ವಾಕ್ಯ ಯಾವ ಊರಿನ ಯಾವ ಹಬ್ಬಕ್ಕೂ ಒಪ್ಪುತ್ತದೆ. ಇಲ್ಲಿ ಆಗುವುದು ಬೇರೆ: ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಗೊತ್ತುಮಾಡಿದ ಗಳಿಗೆಗಳಿಗೆ ನೆರೆ (ಎಲೆಗಳ ಕಟ್ಟು) ಕಟ್ಟಿ, ಗದ್ದೆಗೆ ಹೋಗಿ, ಕೋವಿ ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಕದಿರು ತೆಗೆಯುತ್ತಾರೆ. ಪೊಲಿ ಎಂದರೆ ಹೆಚ್ಚಲಿ. ಮನೆಗೆ ಬರುವುದು ಹಿಡಿಯಷ್ಟು ತೆನೆ. ದೊಡ್ಡ ಕೊಯ್ಲು ಆಮೇಲಿನ ಕೆಲಸ. ಇದನ್ನು ಹೀಗೇ ಬರೆಯಿರಿ, ವಿಶೇಷಣ ಬೇಡ.

ಮುಖ್ಯವಾದ ಕೊರತೆ ಕೊನೆಗೆ. ಕವಿತೆಯನ್ನು ಜನಪದ ಎಂದುಬಿಟ್ಟದ್ದರಿಂದ ನಿಜವಾದ ಜನಪದ ನಿಮ್ಮ ಲೇಖನದಿಂದ ಹೊರಗೇ ಉಳಿದಿದೆ. ನಾಲ್ವರು ದುಡಿ ಹಿಡಿದು, ಇಬ್ಬರು ಹೇಳಿ ಇಬ್ಬರು ಮರುಹೇಳುವ ಬಾಳೋಪಾಟ್‌ಗೆ ಒಂದು ಸಾಲೂ ಇಲ್ಲ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವರ ಜನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ತಂದ ‘ಪಟ್ಟೋಲೆ ಪಳಮೆ’ಯ ಹೆಸರೂ ಇಲ್ಲ. ಆ ಪುಸ್ತಕದ ಪುತ್ತರಿ ಪಾಟ್ ಓದಿ, ಬಳಿಕ ಹಾಡುವವರ ಎದುರು ಕೂತು ಕೇಳಿ. ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಕೊಡವ ತಕ್ಕಿನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಬರೆದುಕೊಂಡದ್ದನ್ನೇ ನಂಬಿದರೆ ಮಾತು ಕೆಡುತ್ತದೆ. ಕೇಳಿದ್ದನ್ನು ಕನ್ನಡಕ್ಕೆ ತಿದ್ದಬೇಡಿ. ಸಾಲು ಹಾಗೇ ಇಟ್ಟು ಅರ್ಥ ಕೆಳಗೆ ಕೊಡಿ. ಒಂದು ಸಾಲಿಗೆ ದುಡಿಯ ಪೆಟ್ಟು ಎಷ್ಟು ಎಂದು ಎಣಿಸಿ, ಪಂಜೆಯವರ ಏಳು ಮಾತ್ರೆಯ ಪಕ್ಕದಲ್ಲಿಡಿ. ಎಲ್ಲಿ ಹತ್ತಿರ, ಎಲ್ಲಿ ದೂರ ಎಂಬುದು ಆಗ ನಿಮಗೇ ಕೇಳಿಸುತ್ತದೆ.

ಒಂಬೈನೂರು ಪದಕ್ಕೆ ಇಳಿಸಿ ಕಳಿಸಿ. ಜೊತೆಗೆ ಧ್ವನಿಮುದ್ರಣ, ಹಾಡಿದ ಊರು, ದಿನ, ಮತ್ತು ಹೆಸರು ಹಾಕಲು ಹಾಡುಗಾರರ ಒಪ್ಪಿಗೆ ಇರಲಿ.