ಓದುಗರ ಪ್ರಶ್ನೆ: ಟರ್ಕಿಯ ಹಳೆಯ ಕಿಲೀಮು

ಪ್ರಶ್ನೆ: ನಮ್ಮಲ್ಲಿರುವ ಟರ್ಕಿ ಕಿಲೀಮಿನಲ್ಲಿ (ಉಣ್ಣೆಯ ನೆಲಹಾಸಿನಲ್ಲಿ) ಬಣ್ಣ ಬದಲಾಗುವ ಕಡೆಯಲ್ಲೆಲ್ಲ ಸಣ್ಣ ಸೀಳುಗಳಿವೆ. ನಡುವೆ ಉದ್ದಕ್ಕೂ ಹೊಲಿಗೆ ಇದೆ, ಎರಡೂ ಬದಿಯ ಚಿತ್ತಾರ ಕೂಡುವುದಿಲ್ಲ. ಹರಿದದ್ದನ್ನು ಜೋಡಿಸಿ ಮಾರಿದ್ದಾರೆಯೆ? ಸೀಳು ಹೊಲಿಸಲೆ?
– ಧಾರವಾಡದ ಓದುಗರು

ಉತ್ತರ: ಹೊಲಿಸಬೇಡಿ. ಆ ಸೀಳು ನೇಯ್ಗೆಯದೇ ಭಾಗ. ಕಿಲೀಮಿಗೆ ರತ್ನಗಂಬಳಿಯ ಗಂಟುಗಳಿಲ್ಲ. ನವಲಗುಂದದ ಜಮಖಾನದ ಹಾಗೆ ಚಪ್ಪಟೆ ನೇಯ್ಗೆ, ಅಲ್ಲಿ ಹತ್ತಿ, ಇಲ್ಲಿ ಉಣ್ಣೆ. ಅಡ್ಡಡ್ಡ ಸಾಗುವ ಹೊಕ್ಕಿನ ನೂಲನ್ನು ಬಿಗಿಯಾಗಿ ಬಡಿದು ಉದ್ದುದ್ದದ ಹಾಸಿನೆಳೆ ಕಾಣದಂತೆ ಮುಚ್ಚುತ್ತಾರೆ. ಕೆಂಪು ಹೊಕ್ಕು ತನ್ನ ಪಾಲಿನ ಕೊನೆಯ ಹಾಸಿನೆಳೆಯನ್ನು ಸುತ್ತಿ ಹಿಂದಿರುಗುತ್ತದೆ. ನೀಲಿ ಹೊಕ್ಕು ಪಕ್ಕದ ಎಳೆಯಿಂದಲೇ ತನ್ನ ಕಡೆಗೆ ತಿರುಗುತ್ತದೆ. ಎರಡನ್ನೂ ಹಿಡಿದಿಡುವ ನೂಲಿಲ್ಲದ ಕಾರಣ ನಡುವೆ ಸೀಳು ಉಳಿಯುತ್ತದೆ. ನಿಲುವುಗೆರೆ ಉದ್ದವಾದಷ್ಟೂ ಸೀಳು ಬೆಳೆದು ಬಟ್ಟೆ ಜಾಳಾಗುತ್ತದೆ. ಅದಕ್ಕೇ ನೇಯುವವರು ಸ್ವಲ್ಪ ಸ್ವಲ್ಪಕ್ಕೆ ಗೆರೆಯನ್ನು ಪಕ್ಕದ ಎಳೆಗೆ ಸರಿಸಿ ಮೆಟ್ಟಿಲು ಕಟ್ಟುತ್ತಾರೆ. ಟರ್ಕಿಯ ಅನಟೋಲಿಯ ಪ್ರದೇಶದ ಕಿಲೀಮುಗಳ ತುಂಬ ಓರೆಗೆರೆ, ವಜ್ರಾಕೃತಿ, ಗರಗಸದ ಹಲ್ಲು, ಕೊಕ್ಕೆಗಳೇ ಕಾಣುವುದು ಇದರಿಂದ. ದುಂಡನೆಯ ಹೂವು ಈ ನೇಯ್ಗೆಗೆ ಸುಲಭವಾಗಿ ಒಗ್ಗದು.

ಇನ್ನು ಹೊಲಿಗೆ. ಅಲೆಮಾರಿಗಳ ಮಗ್ಗ ಕಿರಿದು. ಅಗಲದ ಕಿಲೀಮನ್ನು ಎರಡು ಪಟ್ಟಿಯಾಗಿ ನೇಯ್ದು ಕೂಡಿಸುತ್ತಿದ್ದರು. ಎರಡನೆಯದನ್ನು ನೇಯುವಾಗ ಬಡಿತದ ಬಿಗಿ ಕೊಂಚ ಬದಲಾದರೂ ಚಿತ್ತಾರ ಬೆರಳಗಲ ಏರುಪೇರಾಗುತ್ತದೆ. ಕೈಮಗ್ಗದ ಈ ಗುರುತು ಬಹಳ ಚೆಲುವಾದದ್ದು. ಬಿಚ್ಚಿ, ಎಳೆದು ಸಮ ಮಾಡಿಸಿದರೆ ಅಂಚು ಸುಕ್ಕುಗಟ್ಟುತ್ತದೆ. ಹಾಸಿನೆಳೆಯೇ ತುಂಡಾಗಿದ್ದರೆ ಮಾತ್ರ ದುರಸ್ತಿ ಮಾಡಿಸಿ.

ಪ್ರಶ್ನೆ: “ನೈಸರ್ಗಿಕ ಬಣ್ಣ, ಆದ್ದರಿಂದ 150 ವರ್ಷ ಹಳೆಯದು” ಎಂದು ವ್ಯಾಪಾರಿ ಹೇಳಿದರೆ ನಂಬಬಹುದೆ?
– ಮೈಸೂರಿನ ಓದುಗರು

ಉತ್ತರ: ಆ ತರ್ಕ ನಿಲ್ಲುವುದಿಲ್ಲ. ಕಲ್ಲಿದ್ದಲ ಟಾರಿನಿಂದ ಬಣ್ಣ ತೆಗೆಯುವುದನ್ನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪರ್ಕಿನ್ ಕಂಡುಹಿಡಿದದ್ದು 1856ರಲ್ಲಿ. ನೇಯ್ಗೆಯ ಮೂಲ ನೂಲಿನಲ್ಲೇ ಅಂಥ ಬಣ್ಣವಿದ್ದರೆ ಕಿಲೀಮು ಆ ವರ್ಷದ ಈಚಿನದು ಎನ್ನಬಹುದು. ಬೇರು, ಎಲೆಗಳ ಬಣ್ಣದಿಂದ ಮಾತ್ರ ವಯಸ್ಸು ತಿಳಿಯದು: ವಾಯವ್ಯ ಟರ್ಕಿಯ ಹಳ್ಳಿಗಳಲ್ಲಿ ದೋಬಾಗ್ ಯೋಜನೆ 1981ರಿಂದ ಅದೇ ಬಣ್ಣಗಾರಿಕೆಯನ್ನು ಮತ್ತೆ ರೂಢಿಗೆ ತಂದಿತು.

ಸವೆತ ನೋಡಿ. ಗಾಢ ಕಂದು, ಕಪ್ಪು ಉಣ್ಣೆಗೆ ಕಬ್ಬಿಣದ ಉಪ್ಪು ಸೇರಿಸಿದ್ದರೆ ಅದು ಕಾಲಕ್ರಮೇಣ ಎಳೆಯನ್ನು ತಿನ್ನುತ್ತದೆ. ಹಳೆಯ ಕಿಲೀಮಿನಲ್ಲಿ ಆ ಬಣ್ಣದ ಜಾಗ ಸವೆದು ಪಕ್ಕದ ಕೆಂಪು, ನೀಲಿ ಗಟ್ಟಿಯಾಗಿರುವುದು ಸಾಮಾನ್ಯ. ಎಲ್ಲ ಬಣ್ಣವೂ ಒಂದೇ ಸಮ ಸವೆದಿದ್ದರೆ ಉಜ್ಜಿ ಹಳೆಯದು ಮಾಡಿರಬಹುದೆಂದು ಶಂಕಿಸಿ. ಸೂಜಿಯ ಮೊಂಡು ತುದಿಯಿಂದ ಹೊಕ್ಕನ್ನು ತುಸು ಸರಿಸಿದಾಗ ಒಳಗೆ ಕಣ್ಣು ಕುಕ್ಕುವ ನೇರಳೆ, ಹೊರಗೆ ಬೂದಿ ಕಂಡರೆ ಅದು ಬೇಗ ಮಾಸುವ ಆರಂಭಕಾಲದ ರಾಸಾಯನಿಕ ಬಣ್ಣವಿರಬಹುದು. ಒಗೆಸುವ ಮೊದಲು ಪ್ರತಿ ಬಣ್ಣದ ಮೇಲೂ ಒದ್ದೆ ಬಿಳಿ ಬಟ್ಟೆ ಒತ್ತಿ. ಒಂದಾದರೂ ಹತ್ತಿಕೊಂಡರೆ ನೀರು ಮುಟ್ಟಿಸಬೇಡಿ.

ಪ್ರಶ್ನೆ: ಸೊಂಟದ ಮೇಲೆ ಕೈಯಿಟ್ಟ ಹೆಣ್ಣಿನ ಚಿತ್ತಾರ 8,000 ವರ್ಷದ ಹಿಂದಿನ ಮಾತೃದೇವತೆಯೆ?
– ಬೆಂಗಳೂರಿನ ಓದುಗರು

ಉತ್ತರ: ಆಧಾರವಿಲ್ಲ. ಟರ್ಕಿಯ ನವಶಿಲಾಯುಗದ ನೆಲೆಯಾದ ಚಾತಲ್‌ಹೊಯುಕ್‌ನಲ್ಲಿ ಉತ್ಖನನ ನಡೆಸಿದ ಜೇಮ್ಸ್ ಮೆಲ್ಲಾರ್ಟ್, ಅಲ್ಲಿನ ಗೋಡೆಗಳಲ್ಲಿ ಇಂಥವೇ ಚಿತ್ರಗಳಿದ್ದವೆಂದು 1980ರ ದಶಕದಲ್ಲಿ ರೇಖಾಚಿತ್ರಗಳನ್ನು ಮುಂದಿಟ್ಟರು. ಅವಕ್ಕೆ ಫೋಟೊ ಇರಲಿಲ್ಲ. ಕಿಲೀಮಿನ ಹಲವು ತಜ್ಞರು ಒಪ್ಪಲಿಲ್ಲ.