ಪ್ರತಿಕ್ರಿಯೆ: ತಾರಸಿ ತೋಟದ ವಾಟ್ಸಾಪ್ ಗ್ರೂಪಿನಲ್ಲಿ ಹರಟೆ ಹೆಚ್ಚಾದರೆ

ಗುಡ್ ಮಾರ್ನಿಂಗ್ ಚಿತ್ರ, ಕ್ರಿಕೆಟ್ ಮಾತಿನ ನಡುವೆ ಗಿಡದ ಪ್ರಶ್ನೆಗಳು ಕಳೆದುಹೋಗುತ್ತಿವೆ, ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಲೇ ಅಂತ ಕೇಳಿದ್ದೀರಿ. ಬೇಡ ಸರ್. ಆಗ ಬಿಳಿ ನೊಣ ಬಿದ್ದ ಬದನೆಯ ಫೋಟೋ ಹಾಕುವವರೂ ಬಾಯಿ ಕಟ್ಟಿ ಕೂರಬೇಕಾಗುತ್ತದೆ.

ವಾಟ್ಸಾಪ್‌ನಲ್ಲೇ ಒಂದು ಕಮ್ಯುನಿಟಿ (ಹಲವು ಗ್ರೂಪ್‌ಗಳನ್ನು ಒಂದೇ ಕಡೆ ಸೇರಿಸಿಡುವ ವ್ಯವಸ್ಥೆ) ಮಾಡಿ, ಈಗಿನ ಗ್ರೂಪನ್ನು ಅದಕ್ಕೆ ಸೇರಿಸಿ, ಪಕ್ಕದಲ್ಲೇ 'ಹರಟೆ ಕಟ್ಟೆ' ಅಂತ ಇನ್ನೊಂದು ಗ್ರೂಪ್ ತೆರೆಯಿರಿ. ಹರಟೆಗೆ ಜಾಗವೇ ಕೊಡದೆ ಬರೀ ಬೈದರೆ ಅದು ಎರಡೇ ದಿನಕ್ಕೆ ವಾಪಸ್. ನಿಯಮ ಮೂರು ಸಾಲು ಸಾಕು; ಗ್ರೂಪಿನ ಮೇಲ್ಭಾಗದಲ್ಲೇ ಕಾಣುವಂತೆ ಪಿನ್ ಮಾಡಿ. ಪಿನ್ ಹೆಚ್ಚೆಂದರೆ 30 ದಿನ ಇರುತ್ತದೆ, ಆಮೇಲೆ ಮತ್ತೆ ಹಾಕಬೇಕು.

ಅಡ್ಮಿನ್ ಬೇರೆಯವರ ಮೆಸೇಜ್ ಅಳಿಸಬಹುದು ನಿಜ, ಆದರೆ ಯಾರು ಅಳಿಸಿದರೆಂದು ಎಲ್ಲರಿಗೂ ಕಾಣುತ್ತದೆ. ಜಗಳ ಹುಟ್ಟುವುದೇ ಅಲ್ಲಿ. ಮೊದಲು ಖಾಸಗಿಯಾಗಿ ಹೇಳಿ, ಆಮೇಲೆ ಅಳಿಸಿ.